ಗಾಳಿ ಸೋರುವ ಜಾಗ

10 ಆಗಸ್ಟ್ 2008, ಭಾನುವಾರ

ಹೊಸಹಳ್ಳಿ, ಬಾಡಿಗೆಯ ಮಹಡಿ ಮನೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆಂದು ಮೆಷಿನ್ ಹಾಕಿಕೊಂಡು ಮಲಗಲು ಶುರುಮಾಡಿ ವರ್ಷವಾಗುತ್ತ ಬಂತು. ಮೊದಲ ಮಾಸ್ಕ್ ಹಳತಾಗಿ ನಿನ್ನೆ ಹೊಸದು ತಂದೆ. ಅದರಲ್ಲಿ ನಿದ್ದೆ ಹೇಗೆ ಬರುತ್ತದೆಂದು ಬರೆದಿಡಲು ಡಾಕ್ಟರು ಹೇಳಿದ್ದಾರೆ. ಅವರು ಇದನ್ನು ಓದುವುದಿಲ್ಲ. ಮಾತು ಮುಗಿಯುವ ಮೊದಲೇ ಮುಂದಿನ ರೋಗಿಗೆ ಗಂಟೆ ಒತ್ತುವವರಿಗೆ ಓದುವ ಅಭ್ಯಾಸ ಇರಲಾರದು.

ಮಾಸ್ಕ್ ಮಾರುವ ಗೋಪೀನಾಥನ ಅಂಗಡಿ ಬಸವೇಶ್ವರನಗರದಲ್ಲಿದೆ. ಊರುಗೋಲು, ಗಾಲಿಕುರ್ಚಿ, ಕಿವಿಯ ಮೆಷಿನ್‌ಗಳ ನಡುವೆ ಆತ ಒಡವೆ ಅಂಗಡಿಯವನ ಗತ್ತಿನಲ್ಲಿ ಕೂರುತ್ತಾನೆ. ಹೇಗೆ ಹಾಕಿಕೊಳ್ಳಬೇಕೆಂದು ತೋರಿಸಲು ಮಾಸ್ಕನ್ನು ತನ್ನ ಮೂಗಿಗೇ ಏರಿಸಿಕೊಂಡು, ಆಮೇಲೆ ಅದನ್ನೇ ನನ್ನ ಕೈಗೆ ಕೊಡಲು ಬಂದ. ಬಿಚ್ಚದ ಪೆಟ್ಟಿಗೆ ಬೇಕು ಎಂದೆ. ತನಗೇನೂ ಕಾಯಿಲೆ ಇಲ್ಲವೆಂದು ಬೇಸರದಿಂದ ಹೇಳಿದ. ಕಾಯಿಲೆ ಯಾರಿಗಿದೆ ಎಂಬುದು ಅಂಗಡಿಯಲ್ಲಿದ್ದ ಎಲ್ಲರಿಗೂ ತಿಳಿದಂತಾಯಿತು.

ಮಾಸ್ಕ್ ಎಂದರೆ ಮೂಗನ್ನು ಮುಚ್ಚುವ ಒಂದು ಚಿಪ್ಪು. ಅಂಚಿಗೆ ಸಿಲಿಕೋನಿನ ತೆಳು ಮೆತ್ತೆ, ತಲೆಯ ಸುತ್ತ ಬಿಗಿಯಲು ಪಟ್ಟಿ. ಮೆಷಿನ್ ಊದಿದ ಗಾಳಿ ಕೊಳವೆಯಲ್ಲಿ ಬಂದು ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಮೆತ್ತೆ ಮುಖಕ್ಕೆ ಸರಿಯಾಗಿ ಕೂರಬೇಕು; ಕೂರದಿದ್ದರೆ ಇದೆಲ್ಲ ಸದ್ದು ಮಾಡುವ ಆಟಿಕೆ.

ಹಳೆಯ ಮಾಸ್ಕನ್ನು ನಾನೇ ತೊಳೆಯುತ್ತಿದ್ದೆ. ಈ ಜೂನ್‌ವರೆಗೆ ಒಬ್ಬಳೇ ಇದ್ದೆ. ಅಣ್ಣ ಶ್ರೀಶೈಲ ತನ್ನ ಮಗಳು ಚೇತನಾಳನ್ನು ರಾಜಾಜಿನಗರದ ಕಾಲೇಜಿಗೆ ಸೇರಿಸಿ, ಅಡುಗೆಗೆ ನೆರವಾಗಲಿ ಎಂದು ಅವ್ವನನ್ನೂ ಗಜೇಂದ್ರಗಡದಿಂದ ಕಳಿಸಿದ. ನನ್ನನ್ನು ಕೇಳಿದ್ದು ಅವರು ಬಸ್ ಹತ್ತಿದ ಮೇಲೆ. ಹೊಸ ಮಾಸ್ಕ್ ತೊಳೆಯುವ ಕೆಲಸ ಅವ್ವ ತಾನಾಗಿ ವಹಿಸಿಕೊಂಡಿದ್ದಾಳೆ. ಸೋಪಿನ ನೀರು, ನೆರಳು, ಬೇರೇನೂ ಕೂಡದು ಎಂದೆ. ತಲೆಯಾಡಿಸಿದಳು. ಟಿವಿಯಲ್ಲಿ ಧಾರಾವಾಹಿ ನೋಡುವಾಗಲೂ ಹೀಗೇ ಆಡಿಸುತ್ತಾಳೆ.

ನಿದ್ದೆ: ಚೆನ್ನಾಗಿತ್ತು.

16 ಆಗಸ್ಟ್, ಶನಿವಾರ

ಕೆಳಗಿನ ಮನೆಯ ಮುನಿಲಕ್ಷ್ಮಮ್ಮ ನಮ್ಮ ಮನೆಯ ಒಡತಿ. ಈ ಬೀದಿ ರಾಗಿ ಹೊಲವಾಗಿದ್ದಾಗ ಅದು ಅವರದಾಗಿತ್ತಂತೆ. ಈಗ ಹೊಲದ ಬದಲು ಬಾಡಿಗೆದಾರರನ್ನು ನೋಡಿಕೊಳ್ಳುತ್ತಾರೆ, ಅದೇ ಕಣ್ಣಿನಿಂದ. ಸ್ಕೂಟರ್ ತೆಗೆಯುವಾಗ ಹತ್ತಿರ ಬಂದು ನನ್ನ ಮೂಗಿನ ಮೇಲಿನ ಗುರುತನ್ನು ಪರೀಕ್ಷಿಸಿದರು.

'ಇದೇನ್ ನೀಲಾ ಮೇಡಂ, ಮೂಗು ಕೆಂಪಗಾಗಿದೆ? ಮದ್ವೆ ಆದೋರಾದ್ರೆ ಗಂಡ ಹೊಡ್ದ ಅನ್ಬೋದಿತ್ತು.'

ಅವ್ವ ಗೇಟಿನ ಹತ್ತಿರ ನಿಂತು ಇದನ್ನು ಕೇಳಿಸಿಕೊಂಡಳು. ಹಾಸ್ಯ ಅವಳಿಗೆ ತಟ್ಟಲಿಲ್ಲ. ನನ್ನ ಮೂಗನ್ನೇ ನೋಡುತ್ತಿದ್ದಳು. ಮುಟ್ಟಲು ಕೈ ಚಾಚಿದಳು, ನಾನು ಹೆಲ್ಮೆಟ್ ಹಾಕಿಕೊಂಡೆ.

ಚೇತನಾಳನ್ನು ದಿನವೂ ಕಾಲೇಜಿಗೆ ಬಿಟ್ಟು ನಾನು ಆಫೀಸಿಗೆ ಹೋಗುತ್ತೇನೆ. ಹುಡುಗಿ ಮಾತಿಲ್ಲದವಳು. ಅವಳಲ್ಲಿ ನಾನು ಮೆಚ್ಚಬಹುದಾದದ್ದು ಅದೊಂದೇ.

27 ಆಗಸ್ಟ್, ಬುಧವಾರ

ಹೊಸ ಮಾಸ್ಕ್ ಸೋರುತ್ತಿದೆ. ಎರಡೂ ಕಣ್ಣಿನ ಮೂಲೆಗೆ ಗಾಳಿ ಹೊಡೆದು ಬೆಳಿಗ್ಗೆ ಕಣ್ಣು ಕೆಂಪಗಿರುತ್ತದೆ. ಪಟ್ಟಿಯನ್ನು ಒಂದು ಹಂತ ಬಿಗಿ ಮಾಡಿದೆ. ಗೋಪೀನಾಥ ಹಳೆ ಸರಕು ದಾಟಿಸಿದ್ದಾನೆ, ಅನುಮಾನವೇ ಇಲ್ಲ.

ಓದುತ್ತಿರುವುದು ಪೂರ್ವ ಯುರೋಪಿನ ಒಂದು ಕಾದಂಬರಿಯ ಅನುವಾದ. ನದಿ ದಾಟಿಸುವ ದೋಣಿಕಾರನೊಬ್ಬನ ಕಥೆ. ಮೂಲ ಗಟ್ಟಿಯಾಗಿದೆ ಎಂದು ಅನುವಾದದ ಒಳಗಿನಿಂದಲೂ ತಿಳಿಯುತ್ತದೆ. ಆದರೆ ಅನುವಾದಕರು ಒಂದು ಅಧ್ಯಾಯವನ್ನೇ ನುಂಗಿದ್ದಾರೆ. ದೋಣಿಕಾರನ ತಾಯಿ ಒಂದು ಪುಟದಲ್ಲಿ ಸೂಪು ಕುಡಿಯುತ್ತಿದ್ದಾಳೆ, ಮುಂದಿನ ಪುಟದಲ್ಲಿ ಜನ ಅವಳ ಮಣ್ಣು ಮುಗಿಸಿ ಮನೆಗೆ ಮರಳುತ್ತಿದ್ದಾರೆ. ಸತ್ತದ್ದು ಯಾವಾಗ, ಹೂಳಿದ್ದು ಯಾರು? ಕನ್ನಡದ ಓದುಗರಿಗೆ ಇಷ್ಟು ಸಾಕು ಎಂದುಕೊಂಡಿರಬೇಕು. ಪ್ರಕಾಶಕರಿಗೆ ಬರೆಯಬೇಕೆಂದಿದ್ದೇನೆ.

3 ಸೆಪ್ಟೆಂಬರ್, ಬುಧವಾರ

ಗಣೇಶನ ಹಬ್ಬ. ಬೀದಿಯ ಕೊನೆಯ ಪೆಂಡಾಲಿನಲ್ಲಿ ಬೆಳಿಗ್ಗೆಯಿಂದ ಸಿನಿಮಾ ಹಾಡು. ಆದರೂ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಹತ್ತಿತು. ಕಡುಬು ತಿಂದ ಮಂಪರು.

ಚೇತನಾ ಬದಲಾಗಿದ್ದಾಳೆ. ಸ್ಕೂಟರಿನ ಹಿಂದೆ ಕೂತದ್ದೇ ಬಾಯಿ ತೆರೆಯುತ್ತಾಳೆ. ಅತ್ತಿ, ಈ ರೋಡಿನ ಹೆಸರೇನು? ಅತ್ತಿ, ನಿಮ್ಮ ಕಾಲೇಜಿನಲ್ಲಿ ಗಣಿತ ಯಾರು ಹೇಳುತ್ತಿದ್ದರು? ಅತ್ತಿ, ಹದಿನೇಳರ ಮಗ್ಗಿ ಬರುತ್ತದಾ, ಹೇಳಿ ನೋಡೋಣ. ಮಾಗಡಿ ರಸ್ತೆಯ ಹೊಗೆಯಲ್ಲಿ ಹೆಲ್ಮೆಟ್ಟಿನೊಳಗಿಂದ ನಾನು ಹದಿನೇಳರ ಮಗ್ಗಿ ಹೇಳಬೇಕು. ಪಟ್ಟಣದ ನೀರು ಬಿದ್ದ ಮೇಲೆ ಎಲ್ಲ ಹುಡುಗಿಯರೂ ಹೀಗೆಯೇ ಆಗುತ್ತಾರೆ. ಅವಳಲ್ಲಿ ನಾನು ಮೆಚ್ಚುತ್ತಿದ್ದ ಒಂದು ಗುಣವೂ ಹೋಯಿತು.

ನಿನ್ನೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನನ್ನ ಸೊಂಟ ಚಿವುಟಿದಳು, ಜೋರಾಗಿ. ಏನು ಎಂದೆ. 'ಇರುವಿ ಇತ್ತು ಅತ್ತಿ' ಎಂದಳು. ಅಷ್ಟರಲ್ಲಿ ಹಿಂದಿನಿಂದ ಹಾರ್ನ್‌ಗಳ ಸುರಿಮಳೆ. ಹಸಿರು ದೀಪ ಬಿದ್ದು ಒಂದು ಗಳಿಗೆಯಾಗಿಲ್ಲ, ಈ ಊರಿನವರಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ.

11 ಸೆಪ್ಟೆಂಬರ್, ಗುರುವಾರ

ಗೋಪೀನಾಥನಲ್ಲಿಗೆ ಹೋಗಿ ಮೆತ್ತೆಯನ್ನು ಮೇಜಿನ ಮೇಲೆ ಇಟ್ಟೆ. ಒಂದು ತಿಂಗಳಿಗೇ ಉಬ್ಬಿ, ಜೋಲಾಗಿ, ಬಣ್ಣಗೆಟ್ಟಿದೆ. ತನ್ನ ಗಿರಾಕಿಗಳಲ್ಲಿ ಯಾರೂ ಹೀಗೆ ದೂರಿಲ್ಲವೆಂದ. ತೊಳೆಯುವ ನೀರು ಸರಿಯಿಲ್ಲವೆಂದ, ಮಲಗುವ ದಿಕ್ಕು ಯಾವುದೆಂದು ಕೇಳಿದ, ಕೊನೆಗೆ ನನ್ನ ಮೂಗೇ ಸ್ವಲ್ಪ ಬೇರೆ ಥರ ಎಂದ. ಮೂಗು ನಲವತ್ತೊಂದು ವರ್ಷದಿಂದ ಹೀಗೇ ಇದೆ, ಮೆತ್ತೆ ಮಾತ್ರ ಒಂದು ತಿಂಗಳಲ್ಲಿ ಬದಲಾಗಿದೆ ಎಂದೆ. ಚೆನ್ನೈಯಿಂದ ಇನ್ನೊಂದು ತರಿಸಿಕೊಡಲು ಒಪ್ಪಿದ. ಅಲ್ಲಿಯವರೆಗೆ ಪಟ್ಟಿ ಬಿಗಿ ಮಾಡಿಕೊಳ್ಳಬೇಕಂತೆ. ಬಿಗಿ ಮಾಡಿಯೇ ಇದ್ದೇನೆ, ಮೂಗಿನ ದಿಂಡಿನ ಮೇಲೆ ಬಾಸುಂಡೆ ಎದ್ದಿದೆ, ಬೆಳಿಗ್ಗೆ ಕನ್ನಡಕ ಇಟ್ಟರೆ ಉರಿ. ಅವ್ವ ಕಾಫಿ ಕೊಡುವಾಗ ದಿನವೂ ಅದನ್ನೇ ನೋಡುತ್ತಾಳೆ. ಆಫೀಸಿನಲ್ಲಿ ಒಂದು ಬಡಾವಣೆಯ ನಕ್ಷೆ ಬರೆಯುತ್ತಿದ್ದೇನೆ. ಇಂಜಿನಿಯರ್ ಬಂದು ಚರಂಡಿಯ ಗೆರೆಯನ್ನು ತೋರಿಸಿ ಇದು ಸೈಟಿನ ಮಧ್ಯೆ ಯಾಕೆ ಹೋಗಿದೆ ಎಂದರು. ನೋಡಿದೆ, ಹೋಗಿತ್ತು. ಟೇಬಲ್ಲಿನ ಮೇಲೆ ಬೀಳುವ ಬೆಳಕಿನ ಬಗ್ಗೆ ಎಷ್ಟು ಸಲ ಹೇಳಿದರೂ ಇವರು ಕಿಟಕಿಗೆ ಪರದೆ ಹಾಕಿಸುವುದಿಲ್ಲ, ಆಮೇಲೆ ಗೆರೆ ಸೊಟ್ಟ ಎಂದು ನನ್ನ ಮೇಲೆ

12 ಸೆಪ್ಟೆಂಬರ್, ಶುಕ್ರವಾರ

ನಿನ್ನೆಯದು ಅರ್ಧಕ್ಕೆ ನಿಂತಿದೆ. ಪೆನ್ನಿನ ಇಂಕು ಮುಗಿದಿರಬೇಕು. ಅದೇ ಪೆನ್ನು ಇಂದು ಬರೆಯುತ್ತಿದೆ. ಈಗಿನ ಪೆನ್ನುಗಳಿಗೂ ನಿಷ್ಠೆಯಿಲ್ಲ.

18 ಸೆಪ್ಟೆಂಬರ್, ಗುರುವಾರ

ಚೇತನಾ ಇನ್ನು ಮುಂದೆ ಬಸ್ಸಿನಲ್ಲಿ ಹೋಗುತ್ತಾಳಂತೆ. ಜೊತೆಗೆ ಮಾನಸ ಎಂಬ ಗೆಳತಿ ಇದ್ದಾಳಂತೆ. ಮಾನಸಳೋ ಮಧುಕುಮಾರನೋ, ನಾನು ಕೇಳಲಿಲ್ಲ. ಬಸ್ ಸ್ಟಾಪಿನಲ್ಲಿ ನಿಲ್ಲುವ ಆಸೆ ಆ ವಯಸ್ಸಿಗೆ ಬರುತ್ತದೆ, ಹೋಗುತ್ತದೆ.

ಸ್ಕೂಟರಿನ ಮೇಲೆ ಮಾತಿಲ್ಲ. ನೆಮ್ಮದಿಯಾಗಿದೆ.

ಹೊಸ ಮೆತ್ತೆ ಬಂದಿದೆ. ಅವ್ವನ ಕೈಗೆ ಕೊಟ್ಟೆ, ಜೋಪಾನ ಎಂದೆ. 'ಹ್ಞೂಂ, ನನಗ ಗೊತ್ತೈತಿ' ಎಂದಳು.

24 ಸೆಪ್ಟೆಂಬರ್, ಬುಧವಾರ

ಮಾಗಡಿ ರಸ್ತೆಯಲ್ಲಿ ಫುಟ್‌ಪಾತಿನ ಕಲ್ಲು ರಸ್ತೆಯ ಕಡೆಗೆ ಚಾಚಿಕೊಂಡಿದೆ. ಮುಂದಿನ ಚಕ್ರ ಅದನ್ನು ಹತ್ತಿ ಹೂ ಮಾರುವವಳ ಬುಟ್ಟಿಯನ್ನು ಕೆಡವಿತು. ಸೇವಂತಿಗೆಯೆಲ್ಲ ಚರಂಡಿ ಪಾಲು. ಯಾರಿಗೂ ಏನೂ ಆಗಲಿಲ್ಲ, ನನ್ನ ಮೊಣಕಾಲು ತರಚಿತು. ಬೋರಮ್ಮ ಎಂದು ಯಾರೋ ಕೂಗಿದ್ದರಿಂದ ಅವಳ ಹೆಸರು ತಿಳಿಯಿತು. ಅವಳು ಎದ್ದು ನಿಂತು, ಸೆರಗು ಕೊಡವಿ, ನನ್ನ ಮುಖವನ್ನೇ ನೋಡಿ ಕೇಳಿದಳು.

'ಏನಮ್ಮಾ, ಕಣ್ಮುಚ್ಕೊಂಡ್ ಗಾಡಿ ಓಡುಸ್ತಾ ಇದೀಯಾ?'

ಇಂಥವರಿಗೆ ಉತ್ತರ ಕೊಡುವುದು ನನ್ನ ಪದ್ಧತಿಯಲ್ಲ. ಹೂವಿಗೆ ಆದದ್ದನ್ನು ಕೊಟ್ಟು ಬಂದೆ. ಕಲ್ಲಿನ ವಿಷಯ ಪಾಲಿಕೆಗೆ ತಿಳಿಸಬೇಕು.

ಮೊಣಕಾಲಿಗೆ ಅವ್ವ ಅರಿಶಿನ ಹಚ್ಚಲು ಬಂದಳು. ಬೇಡವೆಂದೆ. ಚೇತನಾ ಬಾಗಿಲಲ್ಲಿ ನಿಂತು ಎಲ್ಲಿ ಬಿದ್ದಿರಿ ಎಂದು ಕೇಳಿದಳು. ಹೇಳಿದೆ. ಬಿಳಿಚಿಕೊಂಡಳು. ಒಂದು ತರಚುಗಾಯಕ್ಕೆ ಅಷ್ಟು ನಾಟಕ ಬೇಕಿರಲಿಲ್ಲ.

28 ಸೆಪ್ಟೆಂಬರ್, ಭಾನುವಾರ

ಚೇತನಾ ಕಾಲೇಜಿನ ಹತ್ತಿರದ ಪಿ.ಜಿ.ಗೆ ಹೋಗಬೇಕಂತೆ. ಮೊದಲು ಅಪ್ಪನಿಗೆ ಫೋನು ಮಾಡಿ, ಆಮೇಲೆ ನನಗೆ ಹೇಳಿದ್ದಾಳೆ. ದೂರವಾಗುತ್ತದೆ ಎಂಬುದು ಕಾರಣ. ಬೆಂಗಳೂರಿನಲ್ಲಿ ರಾಜಾಜಿನಗರ ಹೊಸಹಳ್ಳಿಗೆ ದೂರ ಎನ್ನುವವರನ್ನು ನಾನು ಇದೇ ಮೊದಲು ನೋಡುತ್ತಿರುವುದು. ಶ್ರೀಶೈಲ, 'ನೀಲಾ ಹ್ಞೂಂ ಅಂದರೆ ಹೋಗಲಿ' ಎಂದನಂತೆ.

ಹ್ಞೂಂ ಎಂದೆ. ತಕ್ಷಣವೇ ಎಂದೆ. ಯಾರನ್ನೂ ಇರು ಎಂದು ಗೋಗರೆದವಳಲ್ಲ ನಾನು.

ದಸರಾ ಮುಗಿದ ಮೇಲೆ ಹೋಗುತ್ತಾಳೆ. ಅವಳು ಹೋದರೆ ತನಗಿಲ್ಲಿ ಏನು ಕೆಲಸ ಎಂದು ಅವ್ವನೂ ಊರಿಗೆ ಹೊರಡುವ ಮಾತಾಡಿದಳು. ಒಳ್ಳೆಯದೇ. ಜೂನ್‌ಗೆ ಮೊದಲು ಈ ಮನೆಯಲ್ಲಿ ಕುಕ್ಕರ್ ಕೂಗದೆ ಓದಬಹುದಾಗಿತ್ತು. ಓದುತ್ತಿದ್ದೆ.

ಎರಡನೆಯ ಮೆತ್ತೆಯೂ ಮೆತ್ತಗಾಗುತ್ತಿದೆ. ಪಟ್ಟಿಯಲ್ಲಿ ಬಿಗಿಯಲು ಇನ್ನು ಜಾಗವಿಲ್ಲ. ಗೋಪೀನಾಥನನ್ನು ಗ್ರಾಹಕರ ನ್ಯಾಯಾಲಯಕ್ಕೆ ಎಳೆಯುತ್ತೇನೆ.

2 ಅಕ್ಟೋಬರ್, ಗುರುವಾರ

ರಜೆ. ತಿಂಡಿಯಾದ ಮೇಲೆ ದೂರಿನ ಪತ್ರಕ್ಕೆ ಆಧಾರವಾಗಿ ಮೆತ್ತೆಯ ಅಳತೆ ತೆಗೆದುಕೊಳ್ಳಲು ಸ್ಕೇಲು ಹಿಡಿದು ಮಾಸ್ಕ್ ಹುಡುಕಿದೆ. ಒಣಗಿಸುವ ಜಾಗದಲ್ಲಿ ಇರಲಿಲ್ಲ. ಮೇಲೆ ಟೆರೇಸಿಗೆ ಹೋದೆ.

ಅವ್ವ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಮಾಸ್ಕ್ ಅವಳ ಕಾಲಿನ ಮೇಲೆ ಅಂಗಾತ ಮಲಗಿತ್ತು, ಎಣ್ಣೆ ಹಚ್ಚಲು ಕೂಸನ್ನು ಮಲಗಿಸಿಕೊಳ್ಳುವ ಹಾಗೆ. ಪಕ್ಕದಲ್ಲಿ ಬಟ್ಟಲು. ಹೆಬ್ಬೆರಳನ್ನು ಬಟ್ಟಲಿಗೆ ಅದ್ದಿ ಮೆತ್ತೆಯ ಅಂಚಿನುದ್ದಕ್ಕೂ ನಿಧಾನವಾಗಿ ತೀಡುತ್ತಿದ್ದಳು. ಒಂದು ಸುತ್ತು ಬಂದು, ಮೂಗಿನ ದಿಂಡು ಕೂರುವ ಜಾಗದಲ್ಲಿ ಮತ್ತೆ ಮತ್ತೆ ತೀಡಿ, ಹಳೆ ಧೋತರದ ತುಂಡಿನಿಂದ ಒರೆಸುತ್ತಿದ್ದಳು. ಒರೆಸಿದ ಮೇಲೆ ಎಣ್ಣೆ ಕಾಣುತ್ತಿರಲಿಲ್ಲ. ವಾಸನೆಯೂ ಅಷ್ಟಾಗಿ ಇಲ್ಲ; ಇಲ್ಲಿಯವರು ಹರಳೆಣ್ಣೆ ಎನ್ನುವ ಔಡಲೆಣ್ಣೆ.

ಇದೇನು ಎಂದು ಕೇಳಿದೆ. ನಾನು ಅಷ್ಟು ಮೆಲ್ಲಗೆ ಕೇಳಿದ್ದು ಯಾಕೋ ತಿಳಿಯಲಿಲ್ಲ.

'ರಬ್ಬರ್ ಬಿರಸ ಐತಿ ನೀಲಾ. ಮೂಗ್ ಹ್ಯಾಂಗ ಕೆತ್ತಿ ಹೋಗೇತಿ ನೋಡು. ನೀ ಅಂತೂ ಮುಟ್ಟಾಕ ಕೊಡಂಗಿಲ್ಲ. ಇದಾದ್ರೂ ಮೆತ್ತಗಾಗ್ಲಿ ಅಂತ ಹಚ್ಚತೀನಿ.'

ಎಣ್ಣೆ ಸಿಲಿಕೋನನ್ನು ಕೆಡಿಸುತ್ತದೆ. ಮಾಸ್ಕಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅದು ಸ್ಪಷ್ಟವಾಗಿತ್ತು. ನಾನು ಅವ್ವನಿಗೆ ಹೇಳುವಾಗ ಬೇರೇನೂ ಕೂಡದು ಎಂದೆ, ಎಣ್ಣೆ ಎಂದು ಹೆಸರಿಸಲಿಲ್ಲ. ಎಣ್ಣೆಯನ್ನು ಅವ್ವ ಬೇರೆ ವಸ್ತುವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಸಿಗೆ, ಕೂದಲಿಗೆ, ಕೀಲಿಗೆ, ಚಪ್ಪಲಿಗೆ, ಒಡೆದ ಹಿಮ್ಮಡಿಗೆ ಎಲ್ಲಕ್ಕೂ ಅದೇ. ಮೆತ್ತೆ ಜೋಲಾಗಿ ಸೋರಿತು, ಸೋರಿದ್ದಕ್ಕೆ ನಾನು ಪಟ್ಟಿ ಬಿಗಿದೆ, ಬಿಗಿದಷ್ಟೂ ಬಾಸುಂಡೆ ದೊಡ್ಡದಾಯಿತು, ಬಾಸುಂಡೆ ನೋಡಿ ಅವ್ವ ಇನ್ನಷ್ಟು ಹಚ್ಚಿದಳು. ಎರಡು ತಿಂಗಳಿನಿಂದ ನಾವಿಬ್ಬರೂ ಒಂದೇ ಕೆಲಸವನ್ನು ಎರಡು ತುದಿಯಿಂದ ಮಾಡುತ್ತಿದ್ದೇವೆ.

ವಿಷಯ ಹೇಳಿದೆ. ಅವ್ವ ಬಟ್ಟಲನ್ನು ಸೆರಗಿನಿಂದ ಮುಚ್ಚಿದಳು. ಇಳಿಯುವಾಗ ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ನಾನು ಹಿಂದೆ ನಿಂತು ಸ್ಕೇಲು ಹಿಡಿದುಕೊಂಡಿದ್ದೆ.

ಗೋಪೀನಾಥನ ಮೇಲಿನ ದೂರು ಹರಿದುಹಾಕಿದೆ. ಆತ ಮೂರ್ಖನೆಂಬ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

7 ಅಕ್ಟೋಬರ್, ಮಂಗಳವಾರ

ಶುಕ್ರವಾರವೇ ಗೋಪೀನಾಥನಲ್ಲಿ ಮೂರನೆಯ ಮೆತ್ತೆ ಸಿಕ್ಕಿತು. ಹಿಂದಿನದು ನಮ್ಮ ಮನೆಯಲ್ಲೇ ಕೆಟ್ಟಿತು ಎಂದಷ್ಟೇ ಹೇಳಿದೆ. ವಿವರ ಕೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಪಟ್ಟಿಯನ್ನು ಮೊದಲಿನ ಹಂತಕ್ಕೆ ಸಡಿಲಿಸಿದೆ. ಸೋರುತ್ತಿಲ್ಲ. ಕಳೆದ ಕೆಲವು ರಾತ್ರಿ ಎಚ್ಚರವೇ ಆಗಿಲ್ಲ. ಬೆಳಿಗ್ಗೆ ಬೀದಿಯ ಸದ್ದುಗಳು ಒಂದೊಂದಾಗಿ ಬೇರೆ ಬೇರೆ ಕೇಳಿಸುತ್ತವೆ. ಎಲ್ಲ ಒಟ್ಟಾಗಿ ಗಲಾಟೆಯೆಂದು ಅನ್ನಿಸುವುದಿಲ್ಲ.

ಇವತ್ತು ಸಂಜೆ ಪ್ರಕಾಶಕರಿಗೆ ಬರೆಯಲು ದೋಣಿಕಾರನ ಕಾದಂಬರಿ ತೆಗೆದೆ. ಬಿಟ್ಟುಹೋದ ಅಧ್ಯಾಯದ ಪುಟಸಂಖ್ಯೆ ಕೊಡಬೇಕಲ್ಲ.

ಅಧ್ಯಾಯ ಬಿಟ್ಟುಹೋಗಿಲ್ಲ. ತಾಯಿ ಸಾಯುತ್ತಾಳೆ, ನದಿ ಉಕ್ಕಿರುತ್ತದೆ, ಶವವನ್ನು ದೋಣಿಯಲ್ಲೇ ಆಚೆ ದಡಕ್ಕೆ ಒಯ್ಯುತ್ತಾರೆ. ಪೂರ್ತಿ ಇದೆ, ಅನುವಾದವೂ ಚೆನ್ನಾಗಿದೆ. ಮಧ್ಯದ ಒಂದು ಪುಟದಲ್ಲಿ ಅಚ್ಚಿನ ತಪ್ಪೊಂದನ್ನು ಪೆನ್ಸಿಲಿನಿಂದ ತಿದ್ದಿದ್ದಾರೆ. ಕೈಬರಹ ನನ್ನದು.

ಬಹಳ ಹೊತ್ತು ಆ ಪುಟವನ್ನು ನೋಡಿದೆ. ತಿದ್ದಿದ ನೆನಪಿಲ್ಲ. ಓದಿದ ನೆನಪಿಲ್ಲ.

ಚೇತನಾ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಹೋಗಿ ಕೇಳಿದೆ, ಆ ದಿನ ಸಿಗ್ನಲ್ಲಿನಲ್ಲಿ ಇರುವೆ ಎಲ್ಲಿತ್ತು ಎಂದು. ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

'ಇರುವಿ ಇರ್ಲಿಲ್ಲ ಅತ್ತಿ. ನೀವು ನಿದ್ದಿ ಹತ್ತಿ ಮುಂದ ವಾಲಿದ್ರಿ. ಅವತ್ತೊಂದ ದಿನ ಅಲ್ಲ.'

ಮೊದಲು ಮಾತಾಡಿಸಿ ಎಚ್ಚರವಿಡಲು ನೋಡಿದಳಂತೆ. ಮಗ್ಗಿ ಹೇಳುವಾಗ ನಾನು ನಡುವೆ ನಿಂತುಬಿಟ್ಟರೆ ಚಿವುಟುತ್ತಿದ್ದಳಂತೆ. ಒಂದು ದಿನ ಚಿವುಟಿದರೂ ಏಳಲಿಲ್ಲವಂತೆ, ಹಿಂದಿನಿಂದ ಕೈ ಚಾಚಿ ಬ್ರೇಕು ಹಿಡಿದಳಂತೆ. ಆಮೇಲೆ ಬಸ್ಸು.

ನನಗೇಕೆ ಹೇಳಲಿಲ್ಲ ಎಂದೆ.

'ಹೇಳಿದ್ರ ಕೇಳ್ತಿದ್ರೇನ್ ನೀವು? ಬ್ಯಾರೆದವ್ರದ ತಪ್ಪು ಅಂತಿದ್ರಿ.' ಇನ್ನೊಂದು ಕಟ್ಟು ಬಿಚ್ಚುತ್ತ, 'ಅಪ್ಪಗೂ ಹೇಳಿಲ್ಲ. ಹೇಳಿದ್ರ ನಿಮ್ಮ ಗಾಡಿ ಬಿಡಸ್ತಿದ್ದ' ಎಂದಳು.

ಸೊಪ್ಪಿನ ಕಡ್ಡಿಗಳನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ.

9 ಅಕ್ಟೋಬರ್, ಗುರುವಾರ

ವಿಜಯದಶಮಿ. ಅವ್ವ ಎಲ್ಲಿಂದಲೋ ಬನ್ನಿ ಎಲೆ ತರಿಸಿ, ನಮ್ಮ ಊರಿನ ಪದ್ಧತಿಯಂತೆ ಚೇತನಾಳಿಗೆ ಕೊಟ್ಟಳು, ಕೆಳಗಿಳಿದು ಮುನಿಲಕ್ಷ್ಮಮ್ಮನವರಿಗೂ ಕೊಟ್ಟಳು. ಅವರು ಇದೇನು, ಯಾವ ಸೊಪ್ಪು, ಸಾರು ಮಾಡೋದಾ ಎಂದು ಕೇಳಿದರಂತೆ. ನನಗೆ ಕೊಡುವಾಗ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಟೆರೇಸಿನ ದಿನದಿಂದ ಅವ್ವ ನನ್ನ ಯಾವ ವಸ್ತುವನ್ನೂ ಮುಟ್ಟುತ್ತಿಲ್ಲ. ಮಾಸ್ಕ್ ನಾನೇ ತೊಳೆಯುತ್ತಿದ್ದೇನೆ, ಮೊದಲಿನಂತೆ, ಅಚ್ಚುಕಟ್ಟಾಗಿ. ಇದರಿಂದ ಆಗಬೇಕಾದ ತೃಪ್ತಿ ಆಗುತ್ತಿಲ್ಲ.

ಎಲೆಯನ್ನು ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಪದ್ಧತಿಯಲ್ಲಿ ಕಿರಿಯರೂ ಹಿರಿಯರಿಗೆ ಕೊಟ್ಟು ಕಾಲು ಮುಟ್ಟಬೇಕು. ಇದನ್ನು ಮಾಡಿ ಎಷ್ಟೋ ವರ್ಷವಾಗಿತ್ತು, ಕಾಲು ಮುಟ್ಟುವಾಗ ಕನ್ನಡಕ ಜಾರಿತು. ಅವ್ವ ಅದನ್ನು ಹಿಡಿದು ಮತ್ತೆ ಏರಿಸಿದಳು. ಬೆರಳಿಗೆ ಎಣ್ಣೆಯಿರಲಿಲ್ಲ.

11 ಅಕ್ಟೋಬರ್, ಶನಿವಾರ

ಅವ್ವ, ಚೇತನಾ ಇಬ್ಬರೂ ವಿಜಯನಗರದ ಮಾರುಕಟ್ಟೆಗೆ ಹೋಗಿದ್ದಾರೆ, ಪಿ.ಜಿ.ಗೆ ಬೇಕಾದ ಬಕೆಟ್ಟು, ದಿಂಬು, ಹೊದಿಕೆ ತರಲು. ನಾಳೆ ಮಧ್ಯಾಹ್ನ ಹೊರಡುವುದು. ಅವ್ವನ ಬಸ್ಸು ಸೋಮವಾರ.

ಮುನಿಲಕ್ಷ್ಮಮ್ಮ ಮೇಲೆ ಬಂದು, ಹುಡುಗಿ ಯಾಕೆ ಹೋಗ್ತಾ ಇದಾಳೆ, ಏನಾದ್ರೂ ಅಂದ್ರಾ ಎಂದು ಕೇಳಿದರು. ಬಾಡಿಗೆದಾರರ ಮನೆಯ ವಿಷಯ ಅವರಿಗೇಕೆ ಎಂದು ಹೇಳಬೇಕೆಂದಿದ್ದೆ. ನಾನು ಗಾಡಿಯ ಮೇಲೆ ನಿದ್ದೆ ಮಾಡುತ್ತಿದ್ದೆ ಎಂದು ಹೇಳಿದೆ. ಅವರು ಬಾಗಿಲಲ್ಲೇ ಕೂತುಬಿಟ್ಟರು.

ಅವರು ಇಳಿದು ಹೋದ ಮೇಲೆ ತೀರ್ಮಾನ ಮಾಡಿದೆ. ಮಾರುಕಟ್ಟೆಯಿಂದ ಬಂದೊಡನೆ ಚೇತನಾಳನ್ನು ಇಲ್ಲೇ ಇರು ಎಂದು ಕೇಳುತ್ತೇನೆ. ಊರಿನಲ್ಲಿ ಅಪ್ಪನ ಗಾಡಿ ಓಡಿಸಿ ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದಾಳೆ, ಈವರೆಗೆ ನಾನು ಸ್ಕೂಟರ್ ಮುಟ್ಟಲು ಬಿಟ್ಟಿಲ್ಲ. ಸೋಮವಾರದಿಂದ ಅವಳು ಓಡಿಸಲಿ, ನಾನು ಹಿಂದೆ ಕೂರುತ್ತೇನೆ. ಆಫೀಸಿನ ಮುಂದೆ ನಾನು ಇಳಿಯುವುದನ್ನು ಇಂಜಿನಿಯರ್ ನೋಡುತ್ತಾರೆ, ನೋಡಲಿ. ಅಪ್ಪನಿಗೆ ಹೇಳುವುದಿದ್ದರೆ ಹೇಳಲಿ, ಅದನ್ನೂ ಅವಳ ಮುಂದೆ ಹೇಳಿಬಿಡುತ್ತೇನೆ. ಅವಳು ಒಲ್ಲೆ ಎನ್ನಬಹುದು. ಎನ್ನಲು ಅವಳಿಗೆ ಕಾರಣವಿದೆ.

ಹೀಗೆ ಕೇಳಬೇಕಾದಾಗ ಮೊದಲ ಮಾತು ಯಾವುದೆಂದು ನನಗೆ ಗೊತ್ತಿಲ್ಲ. ಕಾದಂಬರಿಗಳಲ್ಲಿ ಇಂಥ ಕಡೆ ಜನ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಹೋಗಿ ನಿಂತೆ. ಬೀದಿಯ ತಿರುವಿನಲ್ಲಿ ಇಬ್ಬರೂ ಬರುತ್ತಿದ್ದಾರೆ. ಅವ್ವನ ತಲೆಯ ಮೇಲೆ ಹೊಸ ನೀಲಿ ಬಕೆಟ್ಟು, ಚೇತನಾಳ ಕಂಕುಳಲ್ಲಿ ದಿಂಬು.